ರೇಷ್ಮೆ ಸೊಪ್ಪು: ಖಾಲಿ ಹೊಟ್ಟೆಗಲ್ಲ, ಮುದ್ದೆಯ ಜೊತೆಗೆ

ರೇಷ್ಮೆ ಸೊಪ್ಪಿನ, ಅಂದರೆ ಹಿಪ್ಪುನೇರಳೆ ಎಲೆಯ, ಕಷಾಯವನ್ನು ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎನ್ನುವ ಸಲಹೆ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿರುತ್ತದೆ. ಸೊಪ್ಪಿಗೆ ಗುಣವಿರುವುದು ನಿಜ, ಖಾಲಿ ಹೊಟ್ಟೆ ಎನ್ನುವುದು ತಪ್ಪು. ಹಿಪ್ಪುನೇರಳೆ ಎಲೆಯಲ್ಲಿರುವ ಮುಖ್ಯ ಸಂಯುಕ್ತ ಕೆಲಸ ಮಾಡುವ ಜಾಗ ಸಣ್ಣ ಕರುಳು. ಅಲ್ಲಿ ಮುದ್ದೆಯೋ ಅನ್ನವೋ ಜೀರ್ಣವಾಗುತ್ತಿರುವಾಗ ಮಾತ್ರ ಅದಕ್ಕೆ ಕೆಲಸ. ಬರಿಹೊಟ್ಟೆಗೆ ಕುಡಿದು ಎರಡು ಗಂಟೆ ಬಿಟ್ಟು ತಿಂಡಿಗೆ ಕೂತರೆ ಅದರ ಬಹುಪಾಲು ಪ್ರಯೋಜನ ಕೈತಪ್ಪಿ ಹೋಗಿರುತ್ತದೆ.

ಮಂಡ್ಯ ಸೀಮೆಯವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇಲ್ಲಿ ಊಟವೆಂದರೆ ಪಿಷ್ಟ, ಸುತ್ತ ಕಬ್ಬು, ಮನೆಯಲ್ಲಿ ಬೆಲ್ಲ. ಮಳವಳ್ಳಿ, ಮದ್ದೂರು ತಾಲ್ಲೂಕುಗಳಲ್ಲಿ ಕಬ್ಬಿನ ಪಕ್ಕದಲ್ಲೇ ಹಿಪ್ಪುನೇರಳೆ ತೋಟವೂ ಇದೆ. ಜಪಾನಿನವರು, ಚೀನಿಯರು ಮದ್ದಿನ ಗಿಡವೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡ ಸೊಪ್ಪನ್ನು ನಮ್ಮಲ್ಲಿ ಹೊರೆಗಟ್ಟಲೆ ಕೊಯ್ದು ರೇಷ್ಮೆಹುಳುವಿಗೆ ಹಾಕುತ್ತೇವೆ.

ಆ ಸಂಯುಕ್ತದ ಹೆಸರು 1-ಡಿಆಕ್ಸಿನೊಜಿರಿಮೈಸಿನ್. ಚಿಕ್ಕದಾಗಿ ಡಿಎನ್‌ಜೆ. ನೋಡಲು ಹೆಚ್ಚುಕಡಿಮೆ ಗ್ಲೂಕೋಸ್‌ನಂತೆಯೇ ಇರುವ ಅಣು. ಗ್ಲೂಕೋಸ್‌ನ ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಕಡೆ ಇದರಲ್ಲಿ ಸಾರಜನಕ ಕೂತಿದೆ, ಅದೇ ಮುಖ್ಯ ವ್ಯತ್ಯಾಸ. ನಾವು ತಿಂದ ಪಿಷ್ಟ ಮತ್ತು ಸಕ್ಕರೆಯನ್ನು ಕೊನೆಗೆ ಗ್ಲೂಕೋಸ್ ಆಗಿ ಒಡೆಯುವ ಕಿಣ್ವಗಳು, ಅಂದರೆ ಮಾಲ್ಟೇಸ್, ಸುಕ್ರೇಸ್ ಮುಂತಾದವು, ಸಣ್ಣ ಕರುಳಿನ ಒಳಗೋಡೆಯಲ್ಲಿವೆ. ಡಿಎನ್‌ಜೆಯನ್ನು ಅವು ಸಕ್ಕರೆಯೆಂದೇ ಹಿಡಿದುಕೊಳ್ಳುತ್ತವೆ, ಆದರೆ ಒಡೆಯಲು ಆಗುವುದಿಲ್ಲ. ಆಲೆಮನೆಯ ಗಾಣಕ್ಕೆ ಕಬ್ಬಿನ ಜೊತೆ ಬಿದಿರಿನ ತುಂಡು ಸಿಕ್ಕಿಕೊಂಡರೆ ಹೇಗೋ ಹಾಗೆ ಕೆಲಸ ನಿಧಾನವಾಗುತ್ತದೆ. ಪಿಷ್ಟ ತಡವಾಗಿ ಜೀರ್ಣವಾಗುತ್ತದೆ, ಊಟವಾದ ಮೇಲೆ ರಕ್ತದ ಸಕ್ಕರೆ ಒಮ್ಮೆಲೇ ಜಿಗಿಯುವ ಬದಲು ಮೆಲ್ಲಗೆ ಏರುತ್ತದೆ. ಮೇದೋಜೀರಕ ಗ್ರಂಥಿಗೆ ಹೊಸ ಶಕ್ತಿ ಬರುವುದಾಗಲಿ, ಕಾಯಿಲೆ ಬೇರುಸಹಿತ ಹೋಗುವುದಾಗಲಿ ಇಲ್ಲ. ಊಟದ ನಂತರದ ಏರಿಕೆಯನ್ನು ತಗ್ಗಿಸುತ್ತದೆ ಎಂಬಷ್ಟನ್ನು ಮಾತ್ರ ಇದರಿಂದ ನಿರೀಕ್ಷಿಸಬಹುದು, ಅದೇನೂ ಸಣ್ಣದಲ್ಲ.

1976ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆ ಬೇರಿನ ತೊಗಟೆಯಿಂದ ಡಿಎನ್‌ಜೆಯನ್ನು ಬೇರ್ಪಡಿಸಿದರು. ಆದರೆ ಈ ಗಿಡದ ಮೇಲೆ ಅಲ್ಲಿನವರಿಗಿರುವ ನಂಬಿಕೆ ಅದಕ್ಕಿಂತ ಬಹಳ ಹಳೆಯದು. 1211ರಲ್ಲಿ ಏಸಾಯ್ ಎಂಬ ಝೆನ್ ಗುರು ಚಹಾ ಮತ್ತು ಆರೋಗ್ಯದ ಬಗ್ಗೆ ಬರೆದ 'ಕಿಸ್ಸ ಯೋಜೋಕಿ' ಎಂಬ ಪುಸ್ತಕದಲ್ಲಿ ಚಹಾದಷ್ಟೇ ಆದರದಿಂದ ಹಿಪ್ಪುನೇರಳೆಯ ಮಾತೂ ಬರುತ್ತದೆ. ಎಷ್ಟು ನೀರು ಕುಡಿದರೂ ದಾಹ ತೀರದ ಕಾಯಿಲೆಗೆ ಈ ಗಿಡವನ್ನು ಆತ ಸೂಚಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ಡಿಎನ್‌ಜೆಯ ಅಣುವನ್ನೇ ಸ್ವಲ್ಪ ಮಾರ್ಪಡಿಸಿ ಮಾಡಿದ ಮಿಗ್ಲಿಟಾಲ್ ಎಂಬ ಮಾತ್ರೆಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆ ಮಾತ್ರೆಯನ್ನು ಊಟದ ಮೊದಲ ತುತ್ತಿನೊಂದಿಗೆ ನುಂಗಬೇಕು ಎಂಬುದು ವೈದ್ಯರ ಸೂಚನೆ. ಸೊಪ್ಪಿಗೂ ಅದೇ ನಿಯಮ.

ಗಿಡ ಡಿಎನ್‌ಜೆಯನ್ನು ನಮಗಾಗಿ ಮಾಡಿಕೊಂಡಿಲ್ಲ. ಹಿಪ್ಪುನೇರಳೆಯ ಎಲೆ ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಸುರಿಯುತ್ತದಲ್ಲ, ಆ ಹಾಲಿನಲ್ಲಿ ಡಿಎನ್‌ಜೆಯೂ ಅದರ ಜಾತಿಯ ಇತರ ಅಣುಗಳೂ ಎಲೆಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ದಟ್ಟವಾಗಿವೆ. ಬೇರೆ ಕೀಟಗಳು ಈ ಎಲೆ ತಿಂದರೆ ಸಕ್ಕರೆ ಜೀರ್ಣಿಸಿಕೊಳ್ಳಲಾಗದೆ ಸೊರಗುತ್ತವೆ. ಜಪಾನಿನ ಸಂಶೋಧಕರು 2006ರಲ್ಲಿ ಇದನ್ನು ತೋರಿಸಿಕೊಟ್ಟರು. ಹರಳು ಗಿಡದ ಮೇಲೆ ಬೆಳೆಯುವ ಎರಿ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಎಲೆ ಕೊಟ್ಟರೆ ಅದು ಬೆಳೆಯಲಾರದು. ನಮ್ಮ ಹುಳು ಮನೆಯ ರೇಷ್ಮೆಹುಳುವಿನ ಕಿಣ್ವ ಮಾತ್ರ ಡಿಎನ್‌ಜೆಗೆ ಜಗ್ಗುವುದಿಲ್ಲ. ತಿಂದು, ಜೀರ್ಣಿಸಿಕೊಂಡು, ಉಳಿದ ಡಿಎನ್‌ಜೆಯನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಕೊರಿಯಾದಲ್ಲಿ ಒಣಗಿಸಿದ ರೇಷ್ಮೆಹುಳುವಿನ ಪುಡಿಯನ್ನು ಸಕ್ಕರೆ ಕಾಯಿಲೆಯವರಿಗೆ ಮಾರುವುದರ ಹಿಂದಿರುವ ತರ್ಕ ಇದು.

ಇಲ್ಲಿ ಒಂದು ದೂರದ ನೆಂಟನ ಮಾತು ಹೇಳಬೇಕು, ಏಕೆಂದರೆ ಅದರ ಹೆಸರಿನ ಕ್ಯಾಪ್ಸೂಲ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯನ್ನು ಸಸ್ಯಶಾಸ್ತ್ರಜ್ಞರು ಹಿಂದೆ ಹಿಪ್ಪುನೇರಳೆಯ ಕುಟುಂಬದಲ್ಲೇ ಇಟ್ಟಿದ್ದರು. ಈಗ ಅದು ಗಾಂಜಾ ಗಿಡದ ಕುಟುಂಬಕ್ಕೆ ಹೋಗಿದೆ, ಗಣ ಮಾತ್ರ ಒಂದೇ. ಎರಡೂ ಗಿಡಗಳು ಒಂದೇ ಬಗೆಯ ರಾಸಾಯನಿಕ ಜಾಣ್ಮೆ ತೋರುತ್ತವೆ: ಫ್ಲೇವನಾಯ್ಡ್ ಅಣುವಿಗೆ ಐದು ಇಂಗಾಲಗಳ ಒಂದು ಜಿಡ್ಡಿನ ಬಾಲ ಜೋಡಿಸುವುದು. ಬಾಲ ಸೇರಿದ ಅಣು ಜೀವಕೋಶದ ಕೊಬ್ಬಿನ ಪೊರೆಯೊಳಗೆ ಸುಲಭವಾಗಿ ನುಗ್ಗುತ್ತದೆ. ಹಾಪ್ಸ್‌ನಲ್ಲಿ ಅದರ ಹೆಸರು ಕ್ಸಾಂಥೋಹ್ಯೂಮಾಲ್. ಹಿಪ್ಪುನೇರಳೆ ಬೇರಿನ ತೊಗಟೆಯಲ್ಲಿ ಕುವಾನಾನ್, ಮೊರುಸಿನ್. ಹಿಪ್ಪುನೇರಳೆಯ ಕುಟುಂಬದ್ದೇ ಆದ ಹಲಸಿನ ಮರದ ಕಟ್ಟಿಗೆಯಲ್ಲಿ ಆರ್ಟೋಕಾರ್ಪಿನ್. ಹಲ್ಲು ಹುಳುಕು ತರುವ ಬ್ಯಾಕ್ಟೀರಿಯಾವನ್ನು ಕುವಾನಾನ್-ಜಿ ಪ್ರಯೋಗಾಲಯದ ಗಾಜಿನಲ್ಲಿ ಕೊಂದಿದೆ. ಕ್ಸಾಂಥೋಹ್ಯೂಮಾಲ್ ಕೂಡ ಕ್ಯಾನ್ಸರ್ ಕೋಶಗಳ ಮೇಲೆ, ಉರಿಯೂತದ ಮೇಲೆ ಪ್ರಯೋಗಾಲಯದಲ್ಲಿ ಸಾಕಷ್ಟು ಆಸೆ ಹುಟ್ಟಿಸಿದೆ. ಆದರೆ ಗಾಜಿನಲ್ಲಿ ಆದದ್ದೆಲ್ಲ ಮೈಯಲ್ಲಿ ಆಗುವುದಿಲ್ಲ. ಬಿಯರ್ ಕುದಿಸುವಾಗ ಕ್ಸಾಂಥೋಹ್ಯೂಮಾಲ್‌ನ ಬಹುಪಾಲು ಬೇರೆ ರೂಪಕ್ಕೆ ತಿರುಗಿ, ಬಾಟಲಿಯಲ್ಲಿ ಉಳಿಯುವುದು ತೀರಾ ಅಲ್ಪ. ಬಿಯರ್ ಆರೋಗ್ಯಕ್ಕೆ ಒಳ್ಳೆಯದು ಎಂದು ಯಾರಾದರೂ ಈ ಹೆಸರು ಹೇಳಿದರೆ ನಂಬಬೇಡಿ.

ಹಾಪ್ಸ್‌ಗೆ ಯುರೋಪಿನ ಔಷಧ ಸಂಸ್ಥೆ ಒಪ್ಪಿರುವುದು ಸಾಂಪ್ರದಾಯಿಕ ಬಳಕೆಯೊಂದನ್ನು ಮಾತ್ರ: ಲಘುವಾದ ಮಾನಸಿಕ ಒತ್ತಡಕ್ಕೆ ಮತ್ತು ನಿದ್ದೆಗೆ. ಅದರಲ್ಲಿರುವ 8-ಪ್ರಿನೈಲ್‌ನರಿಂಜೆನಿನ್ ಎಂಬ ಅಣು ಸಸ್ಯಲೋಕದಲ್ಲಿ ಗೊತ್ತಿರುವ ಅತಿ ಬಲವಾದ ಈಸ್ಟ್ರೋಜೆನ್ ಹೋಲುವ ಅಣುಗಳಲ್ಲಿ ಒಂದು. ಮುಟ್ಟು ನಿಂತ ಹೆಂಗಸರ ಮೈ ಬಿಸಿಯೇರುವ ತೊಂದರೆಗೆ ಅದನ್ನು ಪರೀಕ್ಷಿಸಿರುವುದು ಈ ಕಾರಣಕ್ಕೆ. ಅದೇ ಕಾರಣಕ್ಕೆ ಸ್ತನ ಕ್ಯಾನ್ಸರ್ ಆದವರು ಅದರಿಂದ ದೂರ ಇರಬೇಕು. ನಿದ್ದೆ ಮಾತ್ರೆ ನುಂಗುವವರೂ ಜೊತೆಗೆ ಹಾಪ್ಸ್ ತೆಗೆದುಕೊಳ್ಳಬಾರದು. ನಮ್ಮ ಸೀಮೆಯಲ್ಲಿ ಬೆಳೆಯೋಣವೆಂದರೆ ಅದು ಉದ್ದ ಹಗಲು ಬೇಡುವ ಬಳ್ಳಿ. ಮಂಡ್ಯದಲ್ಲಿ ಬೇಸಿಗೆಯಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಭಾರತದಲ್ಲಿ ಅದನ್ನು ಹೆಚ್ಚಾಗಿ ಬೆಳೆದಿರುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ನಮ್ಮ ಪಾಲಿಗೆ ಬಂದಿರುವುದು ಹಿಪ್ಪುನೇರಳೆ, ಮತ್ತು ಸಕ್ಕರೆಯ ವಿಷಯದಲ್ಲಿ ಅದಕ್ಕಿರುವ ಪುರಾವೆ ಹಾಪ್ಸ್‌ಗಿಲ್ಲ.

ಎಷ್ಟು ಬೇಕು ಎಂಬ ಪ್ರಶ್ನೆಯನ್ನು ಕಷಾಯ ಮಾಡುವವರು ಕೇಳಿಕೊಳ್ಳುವುದೇ ಇಲ್ಲ. ಜಪಾನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರಿಗೆ ಡಿಎನ್‌ಜೆ ಹೆಚ್ಚಿಸಿದ ಹಿಪ್ಪುನೇರಳೆ ಪುಡಿ ಕೊಟ್ಟು, ಆಮೇಲೆ 50 ಗ್ರಾಂ ಸಕ್ಕರೆ ಕೊಟ್ಟರು. 6 ಮಿಲಿಗ್ರಾಂ ಡಿಎನ್‌ಜೆ ಇದ್ದ ಪ್ರಮಾಣ ಸಾಲಲಿಲ್ಲ, 12 ಮತ್ತು 18 ಮಿಲಿಗ್ರಾಂ ಇದ್ದಾಗ ರಕ್ತದ ಸಕ್ಕರೆಯ ಏರಿಕೆ ಸ್ಪಷ್ಟವಾಗಿ ತಗ್ಗಿತು. ಸಾಮಾನ್ಯವಾದ ಒಣ ಎಲೆಯಲ್ಲಿ ಡಿಎನ್‌ಜೆ ಇರುವುದು ಶೇಕಡಾ 0.1ರ ಆಸುಪಾಸಿನಲ್ಲಿ, ಅಂದರೆ ಒಂದು ಗ್ರಾಂ ಪುಡಿಗೆ ಒಂದು ಮಿಲಿಗ್ರಾಂ. ಎರಡು ಗ್ರಾಂ ಎಲೆ ಹಾಕಿ ಕುದಿಸಿದ ಒಂದು ಲೋಟ ಚಹಾದಲ್ಲಿ ಎಲ್ಲವೂ ಇಳಿದರೂ ಎರಡೇ ಮಿಲಿಗ್ರಾಂ. ಬಿಸಿ ಪಾನೀಯವಾಗಿ ಅದು ಚೆನ್ನಾಗಿದೆ, ಹಾಲು ಸಕ್ಕರೆ ಹಾಕಿದ ಟೀಗಿಂತ ಖಂಡಿತ ಮೇಲು, ಆದರೆ ಮದ್ದಿನ ಅಳತೆಗೆ ಅದು ಬರುವುದಿಲ್ಲ.

ಸೊಪ್ಪನ್ನೇ ಉಂಡರೆ ಲೆಕ್ಕ ಬೇರೆ. ಹಸಿ ಎಲೆಯ ಮುಕ್ಕಾಲು ಪಾಲು ನೀರು. 50 ಗ್ರಾಂ ಹಸಿ ಎಳೆ ಸೊಪ್ಪಿನಲ್ಲಿ ಸುಮಾರು 12 ಗ್ರಾಂ ಒಣ ಅಂಶವಿರುತ್ತದೆ. ಅಂದರೆ ಒಬ್ಬರು ಒಂದು ಊಟಕ್ಕೆ ತಿನ್ನುವ ಸೊಪ್ಪಿನ ಪ್ರಮಾಣದಲ್ಲೇ ಆ 12 ಮಿಲಿಗ್ರಾಂನ ಹತ್ತಿರ ಹೋಗಬಹುದು. ತಳಿ, ಋತು, ಎಲೆಯ ವಯಸ್ಸಿಗೆ ತಕ್ಕಂತೆ ಇದು ಏರುಪೇರಾಗುತ್ತದೆ, ಆದರೂ ಲೋಟಕ್ಕಿಂತ ತಟ್ಟೆ ಮೇಲು ಎನ್ನುವುದರಲ್ಲಿ ಅನುಮಾನವಿಲ್ಲ. ತುದಿಯ ಎಳೆ ಎಲೆಗಳಲ್ಲಿ ಡಿಎನ್‌ಜೆ ಹೆಚ್ಚು, ಬುಡದ ಬಲಿತ ಎಲೆಗಳಲ್ಲಿ ಕಡಿಮೆ. ಚಾಕಿ ಹುಳುವಿಗೆ, ಅಂದರೆ ಎಳೆ ರೇಷ್ಮೆಹುಳುವಿಗೆ, ಆರಿಸುವ ಮೆತ್ತನೆ ಹೊಳಪಿನ ಎಲೆಯೇ ಅಡಿಗೆಗೂ ಸರಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ಹುಳುವಿಗೆ ಹಾಕುವ ಬಲಿತ ಎಲೆ ಬಾಯಿಗೆ ಒರಟು, ಗುಣವೂ ಕಡಿಮೆ.

ಅಡಿಗೆಯ ವಿಷಯಕ್ಕೆ ಬಂದರೆ ಮಂಡ್ಯದ ಅಡಿಗೆಮನೆ ಈ ಸೊಪ್ಪಿಗಾಗಿಯೇ ಕಟ್ಟಿದಂತಿದೆ. ಡಿಎನ್‌ಜೆ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಸಾಧಾರಣ ಅಡಿಗೆಯ ಬಿಸಿಗೆ ಹಾಳಾಗುವುದಿಲ್ಲ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಬೇಕಾದದ್ದೇ ಮೋರಿಗೆ ಹೋಗುತ್ತದೆ. ಬಸ್ಸಾರಿನಲ್ಲಿ ನಾವು ಬಸಿದ ಕಟ್ಟನ್ನೇ ಸಾರು ಮಾಡುತ್ತೇವೆ, ಉಳಿದ ಸೊಪ್ಪು ಕಾಳನ್ನು ಪಲ್ಯ ಮಾಡುತ್ತೇವೆ, ಎರಡನ್ನೂ ಮುದ್ದೆಯ ಜೊತೆಗೇ ಉಣ್ಣುತ್ತೇವೆ. ಉಪ್ಸಾರಿನಲ್ಲೂ ಹಾಗೆಯೇ. ಮಸ್ಸೊಪ್ಪಿನಲ್ಲಂತೂ ಎಲ್ಲವೂ ಒಟ್ಟಿಗೆ ಮಸೆದು ಹೋಗುತ್ತದೆ. ಪಿಷ್ಟವೂ ಅದನ್ನು ನಿಧಾನಿಸುವ ಸೊಪ್ಪೂ ಒಂದೇ ತುತ್ತಿನಲ್ಲಿ ಇಳಿಯುವ ಊಟ ಇದು. ಇದಕ್ಕಿಂತ ಒಳ್ಳೆಯ ವಿಧಾನವನ್ನು ಪ್ರಯೋಗಾಲಯದವರೂ ಸೂಚಿಸಲಾರರು.

ಮಾಡುವುದು ಹೀಗೆ. ಎಳೆ ಎಲೆ ಕೊಯ್ದ ಕೂಡಲೇ ತೊಟ್ಟು ಮುರಿದು ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಹಾಲು ಮತ್ತು ದೂಳು ಹೋಗುತ್ತದೆ. ಮೊದಲ ಸಲ ಬರೀ ಹಿಪ್ಪುನೇರಳೆ ಬೇಡ. ದಂಟೋ ನುಗ್ಗೆಯೋ ಕೀರೆಯೋ ಎರಡು ಪಾಲು, ಇದು ಒಂದು ಪಾಲು. ಹಲಸಂದೆ, ಹುರುಳಿ ಅಥವಾ ಅವರೆಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ. ರುಚಿ ಸಪ್ಪೆಯೇ, ಸ್ವಲ್ಪ ಹುಲ್ಲಿನ ವಾಸನೆ, ಬೆಳ್ಳುಳ್ಳಿ ಮೆಣಸಿನ ಖಾರಕ್ಕೆ ಚೆನ್ನಾಗಿ ಹೊಂದುತ್ತದೆ. ಸಣ್ಣಗೆ ಹೆಚ್ಚಿ ಅಕ್ಕಿ ರೊಟ್ಟಿಯ ಹಿಟ್ಟಿಗೂ ಕಲಸಬಹುದು. ಒಣಗಿಸಿ ಇಡಬೇಕೆಂದರೆ ತೊಳೆದ ಎಲೆಯನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದು ನಿಮಿಷ ಇಟ್ಟು, ನೆರಳಲ್ಲಿ ಗಾಳಿಯಾಡುವ ಕಡೆ ಹರಡಿ ಒಣಗಿಸಿ ಪುಡಿ ಮಾಡಿ, ಗಾಳಿ ಹೋಗದ ಡಬ್ಬಿಗೆ ತುಂಬಿ. ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಹೋಗುತ್ತದೆ.

ಮೊದಲ ಕೆಲವು ದಿನ ಹೊಟ್ಟೆಯಲ್ಲಿ ವಾಯು, ಉಬ್ಬರ, ಕೆಲವರಿಗೆ ಭೇದಿ ಆಗಬಹುದು. ಮೇಲೆ ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುವುದರಿಂದ ಹೀಗಾಗುತ್ತದೆ. ಕಡಿಮೆಯಿಂದ ಶುರು ಮಾಡಿದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ನಿಲ್ಲಿಸಿ ಸೊಪ್ಪಿಗೆ ಹೋಗಬಾರದು. ನಿಮ್ಮ ಮಾತ್ರೆಯ ಹಾಳೆಯ ಹಿಂಬದಿ ಓದಿ. ಅದರಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದಿದ್ದರೆ, ಅದೂ ಈ ಸೊಪ್ಪು ಮಾಡುವ ಕೆಲಸವನ್ನೇ ಮಾಡುತ್ತಿದೆ. ಎರಡನ್ನೂ ಸೇರಿಸಿದರೆ ಲಾಭಕ್ಕಿಂತ ಹೊಟ್ಟೆನೋವೇ ಹೆಚ್ಚು. ಗ್ಲಿಮೆಪಿರೈಡ್, ಗ್ಲಿಕ್ಲಾಝೈಡ್ ಎಂದಿದ್ದರೆ ಅಥವಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಸಕ್ಕರೆ ತೀರಾ ಕೆಳಗಿಳಿಯುವ ಅಪಾಯವಿದೆ. ದಿನವೂ ಸೊಪ್ಪಿನ ಪುಡಿ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ಹೇಳಿ.

ಹಾಗೊಮ್ಮೆ ಸಕ್ಕರೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ನಮ್ಮ ಕಡೆ ಮೊದಲು ಕೈಗೆ ಬರುವುದು ಬೆಲ್ಲದ ಉಂಡೆ. ಅಥವಾ ಒಂದು ಹಿಡಿ ಸಕ್ಕರೆ. ಬೇರೆಯವರಿಗೆ ಅದು ಸರಿ. ಆದರೆ ಈ ಸೊಪ್ಪಿನ ಪುಡಿಯನ್ನೋ ವೊಗ್ಲಿಬೋಸ್ ಮಾತ್ರೆಯನ್ನೋ ತೆಗೆದುಕೊಂಡವರ ಕರುಳಿನಲ್ಲಿ ಸುಕ್ರೇಸ್ ಕಿಣ್ವಕ್ಕೇ ತಡೆ ಬಿದ್ದಿರುತ್ತದೆ. ಬೆಲ್ಲವೂ ಸಕ್ಕರೆಯೂ ಬಹುಪಾಲು ಸುಕ್ರೋಸ್, ಅದನ್ನು ಒಡೆಯಲು ಬೇಕಿರುವುದು ಅದೇ ಕಿಣ್ವ. ತಿಂದರೂ ಬೇಗ ಏರುವುದಿಲ್ಲ. ಇಂಥವರಿಗೆ ಕೊಡಬೇಕಾದದ್ದು ಗ್ಲೂಕೋಸ್ ಪುಡಿ, ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ. ಗ್ಲೂಕೋಸ್ ಒಡೆಯಬೇಕಾಗಿಲ್ಲ, ನೇರ ರಕ್ತಕ್ಕೆ ಹೋಗುತ್ತದೆ. ಔಷಧಿ ಅಂಗಡಿಯಲ್ಲೂ ಕಿರಾಣಿ ಅಂಗಡಿಯಲ್ಲೂ ಅದು ಸಿಗುತ್ತದೆ. ಈ ಸೊಪ್ಪನ್ನು ದಿನಬಳಕೆಗೆ ತರುವ ಮನೆಯಲ್ಲಿ ಒಂದು ಪೊಟ್ಟಣ ಇರಲೇಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಸಾರಿನಲ್ಲಿ ಒಂದಿಷ್ಟು ತಿಂದರೆ ಚಿಂತೆಯಿಲ್ಲ, ಪುಡಿ ಮತ್ತು ಸಾರಸತ್ವದ ಮಾತ್ರೆ ಬೇಡ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಯಾರ ಮಾತನ್ನೂ ನಂಬುವ ಅಗತ್ಯವಿಲ್ಲ. ಒಂದು ದಿನ ಸೊಪ್ಪಿಲ್ಲದ ಸಾರಿನೊಂದಿಗೆ ಒಂದು ಮುದ್ದೆ, ಇನ್ನೊಂದು ದಿನ ಅಷ್ಟೇ ಗಾತ್ರದ ಮುದ್ದೆ ಹಿಪ್ಪುನೇರಳೆ ಬಸ್ಸಾರಿನೊಂದಿಗೆ. ಊಟಕ್ಕೆ ಮೊದಲು, ಊಟ ಶುರುವಾದ ಒಂದು ಗಂಟೆಗೆ, ಎರಡು ಗಂಟೆಗೆ ನೋಡಿ ಬರೆದಿಡಿ. ಒಂದೆರಡು ವಾರದಲ್ಲಿ ಹೀಗೆ ಕೆಲವು ಸಲ ಮಾಡಿದರೆ ನಿಮ್ಮ ಮೈಗೆ ಇದು ಎಷ್ಟು ಒಪ್ಪುತ್ತದೆ ಎಂಬುದು ತಿಳಿಯುತ್ತದೆ. ಆ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಯಾವ ತೋಟದ ಸೊಪ್ಪು ಎಂಬುದು ಗುಣದಷ್ಟೇ ದೊಡ್ಡ ವಿಷಯ. ಬಂಡೂರಿನ ಸುತ್ತಮುತ್ತ ರೇಷ್ಮೆ ಮಾಡುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಕ್ರ ರೋಗ, ಎಲೆ ಸುರುಳಿ ಹುಳು ಬಂದಾಗ ತೋಟಕ್ಕೆ ಔಷಧಿ ಹೊಡೆಯುತ್ತಾರೆ, ಅದರ ನಂಜು ಇಳಿಯುವವರೆಗೆ ಹುಳುವಿಗೆ ಸೊಪ್ಪು ಕೊಯ್ಯುವುದಿಲ್ಲ. ರೇಷ್ಮೆಹುಳು ಕೀಟನಾಶಕಕ್ಕೆ ಅಷ್ಟು ಸೂಕ್ಷ್ಮ. ಹುಳು ತಿಂದು ಚೆನ್ನಾಗಿರುವ ಸೊಪ್ಪಿನಲ್ಲಿ ಕೀಟನಾಶಕ ಉಳಿದಿರುವ ಸಂಭವ ಕಡಿಮೆ ಎಂಬುದು ಒಳ್ಳೆಯ ಗುರುತೇ. ಆದರೆ ಎಲೆಚುಕ್ಕೆ, ಬೂದಿರೋಗಕ್ಕೆ ಹೊಡೆಯುವ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ವಿಷಯದಲ್ಲಿ ಹುಳುವಿನ ಸಾಕ್ಷ್ಯ ಸಾಲದು. ರೈತರ ಬಾಯಲ್ಲಿ ನುವಾನ್ ಎಂದೇ ಹೆಸರಾಗಿದ್ದ ಡೈಕ್ಲೋರ್‌ವಾಸ್ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯ ಬಾಟಲಿ ಎಲ್ಲಾದರೂ ಉಳಿದಿದ್ದರೆ ಬಳಸಲೇಬೇಡಿ. ಹುಳು ಮನೆಯೊಳಗಿನ ಹಾಸಿಗೆಯಿಂದ ಉಳಿದ ಸೊಪ್ಪನ್ನು ಅಡಿಗೆಗೆ ಎಂದೂ ತರಬಾರದು. ಸುಣ್ಣ, ವಿಜೇತದಂಥ ಸೋಂಕುನಿವಾರಕ ಪುಡಿ ಅದರ ಮೇಲೆ ಬಿದ್ದಿರುತ್ತದೆ. ಬಂಡೂರು ಕುರಿಗೂ ಅದು ಬೇಡ. ಗಿಡ್ಡ ಕಾಲಿನ, ದುಂಡನೆಯ ಮೈಯ ಆ ಕುರಿಗೆ ತೋಟದಿಂದ ನೇರ ಕೊಯ್ದ ಶುದ್ಧ ಸೊಪ್ಪು ಕೊಡಿ. ಒಣ ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಪ್ರೋಟೀನು ಇರುವ ಮೇವು ಅದು, ಹಿಂಡಿಯ ಖರ್ಚು ಉಳಿಸುತ್ತದೆ.

ಪೊಟ್ಟಣದಲ್ಲಿ ಬರುವ ಹಿಪ್ಪುನೇರಳೆ ಚಹಾ, ಪುಡಿ ಕೊಳ್ಳುವವರು ಎರಡು ಗುರುತು ನೋಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ, ಡಿಎನ್‌ಜೆ ಎಷ್ಟಿದೆ ಎಂದು ಬರೆದಿದ್ದಾರೆಯೇ. ಎರಡನೆಯದು ಬರೆದಿರದಿದ್ದರೆ ಅದು ಬರೀ ಚಹಾ ಎಂದುಕೊಂಡು ಚಹಾದ ಬೆಲೆಯನ್ನೇ ಕೊಡಿ. ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ ಎಂದು ಜಾಹೀರಾತು ಹಾಕುವುದು ಔಷಧ ಜಾಹೀರಾತುಗಳ ಕುರಿತ 1954ರ ಕಾಯಿದೆಯ ಪ್ರಕಾರ ಅಪರಾಧ. ಹಾಗೆ ಬರೆದ ಪೊಟ್ಟಣವನ್ನು ಕೊಳ್ಳದಿರಲು ಅದೊಂದೇ ಕಾರಣ ಸಾಕು.

ನಮ್ಮವರು ಗಮನಿಸಬೇಕಾದ ಇನ್ನೊಂದು ಸಂಗತಿ ಚೀನಾದ್ದು. 2020ರಲ್ಲಿ ಅಲ್ಲಿನ ಸರ್ಕಾರ ಹಿಪ್ಪುನೇರಳೆ ಕಡ್ಡಿಯ ಆಲ್ಕಲಾಯ್ಡ್‌ಗಳಿಂದ ಮಾಡಿದ ಮಾತ್ರೆಗೆ ಎರಡನೇ ಬಗೆಯ ಸಕ್ಕರೆ ಕಾಯಿಲೆಗೆಂದು ಅನುಮತಿ ಕೊಟ್ಟಿತು. ಎಲೆಯಲ್ಲ, ಕಡ್ಡಿ. 600 ರೋಗಿಗಳ ಮೇಲೆ 24 ವಾರ ನಡೆದ ಪರೀಕ್ಷೆಯ ವರದಿ 2021ರಲ್ಲಿ ಪ್ರಕಟವಾಯಿತು. ಅಕಾರ್ಬೋಸ್ ಮಾತ್ರೆಗೆ ಅದು ಕಡಿಮೆಯೇನಲ್ಲ, ಹೊಟ್ಟೆಯ ತೊಂದರೆಯೂ ಕಡಿಮೆ ಎಂದು ಕಂಡುಬಂತು. ಸೊಪ್ಪು ಮುಗಿದ ಮೇಲೆ ಉಳಿಯುವ ಆ ಕಡ್ಡಿ ನಮ್ಮಲ್ಲಿ ಒಲೆಗೆ ಹೋಗುತ್ತದೆ, ಇಲ್ಲವೇ ಹೊಲದ ಬದುವಿನಲ್ಲಿ ಕೊಳೆಯುತ್ತದೆ. ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ವಿ-1 ಎಂಬ ಹಿಪ್ಪುನೇರಳೆ ತಳಿಯನ್ನು ಕೊಟ್ಟದ್ದು ಅದೇ. ಆ ತಳಿಯ ಕಡ್ಡಿಯಲ್ಲಿ, ತುದಿ ಎಲೆಯಲ್ಲಿ, ಬೇಸಿಗೆ ಮಳೆಗಾಲಗಳಲ್ಲಿ ಡಿಎನ್‌ಜೆ ಎಷ್ಟೆಷ್ಟು ಎಂಬ ಪಟ್ಟಿ ರೈತರ ಕೈಗೆ ಸಿಗುವಂತಾಗಬೇಕು. ಗೂಡಿನ ಬೆಲೆ ಬಿದ್ದ ತಿಂಗಳಲ್ಲಿ ಎಳೆ ಸೊಪ್ಪನ್ನು ಒಣಗಿಸಿ ಮಾರುವ ಇನ್ನೊಂದು ದಾರಿ ರೈತ ಸಂಘಗಳಿಗೆ ತೆರೆಯಬೇಕಾದರೆ ಆ ಅಂಕಿಗಳು ಬೇಕೇಬೇಕು.

ತೋಟವಿಲ್ಲದವರು ಹಿತ್ತಲಲ್ಲಿ ಎರಡು ಗಿಡ ಹಾಕಿಕೊಂಡರೆ ಮನೆಯ ಬಳಕೆಗೆ ಸಾಕು. ಆರೆಂಟು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿಯನ್ನು ಮೂರು ನಾಲ್ಕು ಕಣ್ಣು ಇರುವಂತೆ ಗೇಣುದ್ದ ಕತ್ತರಿಸಿ, ಮಳೆ ಹಿಡಿದ ಮೇಲೆ ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ನೆಡಿ. ಕಬ್ಬಿನ ಗದ್ದೆಗೆ ಹೊಡೆಯುವ ಕಳೆನಾಶಕ ಗಾಳಿಯಲ್ಲಿ ತೂರಿ ಬರದ ಜಾಗ ಆರಿಸಿ. ಆರು ತಿಂಗಳವರೆಗೆ ಎಲೆ ಕೀಳದೆ ಬೇರು ಬಿಡಲು ಬಿಡಿ. ಆಮೇಲೆ ಎರಡು ತಿಂಗಳಿಗೊಮ್ಮೆ ಸವರುತ್ತಿದ್ದರೆ ಎಳೆ ಕುಡಿ ವರ್ಷವಿಡೀ ಬರುತ್ತದೆ. ಸವರಿದ ಬಲಿತ ಸೊಪ್ಪು ಕುರಿಗೆ, ತುದಿಯ ನಾಲ್ಕೈದು ಎಲೆ ಬಸ್ಸಾರಿಗೆ.